ಮಸೂದೆ ಓದುವುದು ಹೇಗೆ?

ಹೊಸ ಮಸೂದೆ ಬಂತೆಂದರೆ ಬಹಳ ಜನ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ಯನ್ನಷ್ಟೇ (ಮಸೂದೆ ಏಕೆ ಬೇಕೆಂದು ಹೇಳುವ ಟಿಪ್ಪಣಿ) ಓದಿ ವಾದಕ್ಕಿಳಿಯುತ್ತಾರೆ. ಅದು ಮದುವೆಗೆ ಮುಂಚೆ ಬೀಗರು ಆಡುವ ಮಾತು. ಸಂಸಾರ ಮಾಡಬೇಕಾದ್ದು ಕಲಂಗಳ ಜೊತೆ.

ಹಂತ 1: ಸಂಸತ್ತಿನ ವೆಬ್‌ಸೈಟಿನಿಂದ ಮಸೂದೆ ಇಳಿಸಿಕೊಂಡು ಪ್ರಿಂಟ್ ತೆಗೆಯಿರಿ. ವಾಟ್ಸ್‌ಆ್ಯಪ್‌ನ ‘ಹತ್ತು ಅಂಶಗಳು’ ಬೇಡವೇ ಬೇಡ.

ಹಂತ 2: ತಿದ್ದುಪಡಿ ಮಸೂದೆಯಾದರೆ ಮೂಲ ಕಾಯ್ದೆ ಪಕ್ಕದಲ್ಲಿರಲಿ. ‘ಇಂಥ ಪದದ ಬದಲು ಇಂಥ ಪದ’ ಎಂದಷ್ಟೇ ಬರೆದಿರುವುದರಿಂದ ಒಂಟಿಯಾಗಿ ಓದಿದರೆ ತಲೆಬುಡ ತಿಳಿಯದು.

ಹಂತ 3: ಎಲ್ಲರೂ ಎಡವುವುದು ಇಲ್ಲೇ. ಪೆನ್ಸಿಲ್ ಹಿಡಿದು ‘ಆ್ಯಸ್ ಮೇ ಬಿ ಪ್ರಿಸ್ಕ್ರೈಬ್ಡ್’ ಎಂದು ಬಂದಲ್ಲೆಲ್ಲ ಗೆರೆ ಎಳೆಯಿರಿ. ‘ಇದನ್ನು ಸರ್ಕಾರ ಆಮೇಲೆ ನಿಯಮದಲ್ಲಿ ಹೇಳುತ್ತದೆ’ ಎಂದು ಅದರರ್ಥ. ಅರ್ಜಿ ನಮೂನೆಯನ್ನು ಹಾಗೆ ಬಿಟ್ಟರೆ ತೊಂದರೆಯಿಲ್ಲ. ಯಾರಿಗೆ ವಿನಾಯಿತಿ, ಮೇಲ್ಮನವಿಗೆ ಎಷ್ಟು ದಿನ ಎಂಬುದನ್ನೂ ಬಿಟ್ಟಿದ್ದರೆ ಸಂಸದರು ಖಾಲಿ ಹಾಳೆಗೆ ರುಜು ಹಾಕುತ್ತಿದ್ದಾರೆ ಎಂದೇ ಲೆಕ್ಕ. ಸುಲಭದ ದಾರಿಯೊಂದಿದೆ: ಕೊನೆಯ ಪುಟಗಳ ‘ಅಧೀನ ಶಾಸನದ ಜ್ಞಾಪನಪತ್ರ’ದಲ್ಲಿ (ನಿಯಮ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಎಲ್ಲೆಲ್ಲಿ ಬಿಟ್ಟಿದೆ ಎಂದು ಹೇಳುವ ಟಿಪ್ಪಣಿ) ಇಂಥ ಕಲಂಗಳ ಪಟ್ಟಿ ಸಿಗುತ್ತದೆ. ನಾನು ಓದು ಶುರುಮಾಡುವುದೇ ಅಲ್ಲಿಂದ. ಆದರೆ ಅದರ ಕೊನೆಯಲ್ಲಿ ‘ಈ ಅಧಿಕಾರ ವಹಿಸಿಕೊಟ್ಟಿರುವುದು ಸಾಮಾನ್ಯ ಸ್ವರೂಪದ್ದು’ ಎಂಬ ಸಿದ್ಧವಾಕ್ಯ ಇರುತ್ತದಲ್ಲ, ಅದನ್ನು ನಂಬಬೇಡಿ. ನಿಯಮಗಳನ್ನು ಸದನದಲ್ಲಿ 30 ದಿನ ಮಂಡಿಸಿಡುತ್ತಾರೆ ನಿಜ, ಆ ಹೊತ್ತಿಗೆ ಸಾಮಾನ್ಯವಾಗಿ ಅವು ಜಾರಿಗೆ ಬಂದಾಗಿರುತ್ತದೆ. ನಿಯಮ ಬರಲು ವರ್ಷಗಳೇ ಹಿಡಿಯುವುದೂ ಉಂಟು: ಪೌರತ್ವ ತಿದ್ದುಪಡಿ ಕಾಯ್ದೆಗೆ ಸಂಸತ್ತು ಒಪ್ಪಿದ್ದು 2019ರ ಡಿಸೆಂಬರ್‌ನಲ್ಲಿ. ನಿಯಮ ಹೊರಬಿದ್ದದ್ದು 2024ರ ಮಾರ್ಚ್‌ನಲ್ಲಿ!

ಹಂತ 4: ಮಸೂದೆ ಸ್ಥಾಯಿ ಸಮಿತಿಗೆ, ಅಂದರೆ ಅದನ್ನು ಪರಿಶೀಲಿಸುವ ಸಂಸದರ ಸಮಿತಿಗೆ, ಹೋಗಿದೆಯೇ ನೋಡಿ. 1993ರಿಂದ ಇಲಾಖಾವಾರು ಸಮಿತಿಗಳಿವೆ, ಕಳಿಸಲೇಬೇಕೆಂಬ ಕಡ್ಡಾಯ ಮಾತ್ರ ಇಲ್ಲ. ಹೋಗಿದ್ದರೆ ನಿಮ್ಮ ಸಲಹೆಯ ಪತ್ರಕ್ಕೆ (ಹಂತ 5) ಅದೇ ಒಳ್ಳೆಯ ಜಾಗ. ಸದನಕ್ಕೆ ಬಂದಮೇಲೆ ‘ಹೀಗೇ ಮತ ಹಾಕಿ’ ಎನ್ನುವ ಪಕ್ಷದ ವಿಪ್‌ನದೇ ಆಟ. 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. 2021ರ ನವೆಂಬರ್ 29ರಂದು ಕೃಷಿ ಕಾಯ್ದೆಗಳ ರದ್ದತಿ ಮಸೂದೆ ಲೋಕಸಭೆಯಲ್ಲಿ ಚರ್ಚೆಯಿಲ್ಲದೆ ಪಾಸಾಗಿ, ಅದೇ ದಿನ ರಾಜ್ಯಸಭೆಯನ್ನೂ ದಾಟಿತು. ರದ್ದಾದದ್ದಕ್ಕೆ ಖುಷಿಪಟ್ಟವರಿಗೂ ಆ ಅವಸರ ಇಷ್ಟವಾಗಬೇಕಿಲ್ಲ.

ಹಂತ 5: ಬರೆಯಿರಿ, ಒಂದೇ ಪುಟ. ‘ತೀವ್ರವಾಗಿ ವಿರೋಧಿಸುತ್ತೇನೆ’ ಎಂದರೆ ಯಾರಿಗೂ ಪ್ರಯೋಜನವಿಲ್ಲ. ಕಲಂ ಸಂಖ್ಯೆ, ಈಗಿರುವ ಪದ, ಬದಲಿ ಪದ ಕೊಡಿ. ಉದಾಹರಣೆಗೆ: ಕಲಂ 7(2)ರಲ್ಲಿ ‘ನಿಯಮಿಸಬಹುದಾದ ಅವಧಿಯೊಳಗೆ’ ಎಂಬುದರ ಬದಲು ‘30 ದಿನಗಳೊಳಗೆ’ ಎಂದಿರಲಿ.