ಕನ್ನಡ ಶೀರ್ಷಿಕೆಗೆ ಚಲನೆ ಕೊಡಿ, ಒತ್ತಕ್ಷರ ಮುರಿಯದೆ

ಶೀರ್ಷಿಕೆಯ ಅಕ್ಷರಗಳು ಒಂದಾದ ಮೇಲೊಂದರಂತೆ ಕೆಳಗಿನಿಂದ ಎದ್ದು ಬಂದು ಸಾಲಾಗಿ ನಿಲ್ಲುವ ಅನಿಮೇಷನ್ ಇಂಗ್ಲಿಷ್ ಜಾಲತಾಣಗಳಲ್ಲಿ ಮಾಮೂಲಿ. ಅದೇ ಕೋಡನ್ನು ಎತ್ತಿ ತಂದು ಕನ್ನಡಕ್ಕೆ ಹಚ್ಚಿದ ಪುಟ ತೆರೆದು ನೋಡಿ. ‘ರಾಷ್ಟ್ರ’ ಎಂದು ಬರಬೇಕಾದ ಕಡೆ ಮೊದಲು ಬರೀ ರ, ಆಮೇಲೆ ಚುಕ್ಕಿಗಳ ವೃತ್ತಕ್ಕೆ ಜೋತುಬಿದ್ದ ಒಂಟಿ ದೀರ್ಘ, ಅದರ ಹಿಂದೆ ಷ, ಕೊನೆಗೆ ಒತ್ತಾಗಿ ಕೆಳಗೆ ಕೂರಬೇಕಿದ್ದ ಟ ಮತ್ತು ರ ಪೂರ್ಣ ಗಾತ್ರದಲ್ಲಿ ಬಂದು ನಿಲ್ಲುತ್ತವೆ. ಬೈಗುಳವೆಲ್ಲ ಫಾಂಟಿಗೆ. ಪಾಪ, ಫಾಂಟ್ ಏನು ಮಾಡೀತು, ಪದವನ್ನು ಕತ್ತರಿಸಿದ್ದೇ ತಪ್ಪು ಜಾಗದಲ್ಲಿ.

ಇದನ್ನು ಗ್ರಾಹಕರ ಕೆಲಸದ ಮೇಲೆ ಕಲಿಯಲು ಹೋಗಬೇಡಿ. ಕೆಟ್ಟರೂ ಯಾರೂ ಕೇಳದ ನಿಮ್ಮದೇ ಪುಟವೊಂದನ್ನು ಇಟ್ಟುಕೊಳ್ಳಿ. ಇಷ್ಟದ ಪದ್ಯದ ಸಾಲೋ, ಊರಿನ ಹೆಸರೋ, ಏನಾದರೂ ಶೀರ್ಷಿಕೆಯಾಗಲಿ. ಒಂದು ಫೋಲ್ಡರ್, ಅದರಲ್ಲಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಒಂದೊಂದು ಕಡತ, ಜೊತೆಗೊಂದು ಫಾಂಟ್ ಇದ್ದರೆ ಸಾಕು. ಫ್ರೇಮ್‌ವರ್ಕ್ ಬೇಡ. ಒಂದು ಪುಟದಲ್ಲಿ ಒಂದೇ ಹೊಸ ತಂತ್ರ ಇರಲಿ; ನಾಲ್ಕನ್ನು ಒಟ್ಟಿಗೆ ಸುರಿದರೆ ಕೆಟ್ಟಿದ್ದು ಯಾವುದರಿಂದ ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ.

1. ಪಠ್ಯ ಯುನಿಕೋಡ್‌ನಲ್ಲಿದೆಯೇ ನೋಡಿ

ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪಠ್ಯವನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅಂಥದ್ದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿ. ಪುಟದ ಮೇಲುಗಡೆ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆಯ ಕೋಡ್ ಕನ್ನಡದ್ದೇ ಇರಲಿ. ಸಿದ್ಧ ಟೆಂಪ್ಲೇಟುಗಳಲ್ಲಿ ಅದು ಇಂಗ್ಲಿಷ್ ಎಂದೇ ಉಳಿದುಬಿಡುತ್ತದೆ, ಆಮೇಲೆ ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್‌ರೀಡರ್ ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಒದ್ದಾಡುತ್ತದೆ.

2. ಫಾಂಟ್ ಇಳಿಸಿ, ಕತ್ತರಿಸಿ

ಶೀರ್ಷಿಕೆಗೆ ಏಕ್ ಟೈಪ್‌ನವರ ಅನೇಕ್ ಕನ್ನಡ ಚೆನ್ನಾಗಿ ಒಪ್ಪುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುವ ವೇರಿಯಬಲ್ ಫಾಂಟ್ ಇದು, ಅಂದರೆ ದಪ್ಪ, ಅಗಲಗಳನ್ನು ಒಂದೇ ಕಡತದಲ್ಲಿ ಬದಲಿಸಬಹುದು: ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ. ಆದರೆ ಶೀರ್ಷಿಕೆಗೆ ಬೇಕಿರುವುದು ಒಂದೇ ದಪ್ಪ, ಒಂದೇ ಅಗಲ. ಹಾಗಾಗಿ ಡೌನ್‌ಲೋಡ್ ಜೊತೆ ಬರುವ ಸ್ಟ್ಯಾಟಿಕ್ ಫೋಲ್ಡರಿನಿಂದ ಬೋಲ್ಡ್ ಕಡತವನ್ನು ಮಾತ್ರ ತೆಗೆದುಕೊಳ್ಳಿ.

ಪೈಥಾನಿನ ಫಾಂಟ್‌ಟೂಲ್ಸ್ ಹಾಕಿಕೊಂಡರೆ ‘ಪೈಎಫ್‌ಟಿಸಬ್‌ಸೆಟ್’ ಎಂಬ, ಫಾಂಟಿನಿಂದ ಬೇಡದ ಅಕ್ಷರಗಳನ್ನು ತೆಗೆಯುವ ಆದೇಶ ಸಿಗುತ್ತದೆ. ‘ವಾಫ್2’ ಎಂಬ ಜಾಲಪುಟದ ಫಾಂಟ್ ರೂಪಕ್ಕೆ ಬ್ರಾಟ್ಲಿ ಮಾಡ್ಯೂಲೂ ಬೇಕು. ಉಳಿಸಿಕೊಳ್ಳಬೇಕಾದ್ದು ಕನ್ನಡದ 128 ಸ್ಥಾನಗಳ ಪೂರ್ತಿ ಬ್ಲಾಕ್, ಖಾಲಿ ಜಾಗ, ಇಂಗ್ಲಿಷ್ ಅಂಕಿ, ವಿರಾಮ ಚಿಹ್ನೆಗಳು, ರೂಪಾಯಿ ಚಿಹ್ನೆ, ಚುಕ್ಕಿವೃತ್ತ. ಪದ್ಯದ ಸಾಲಿನ ಕೊನೆಗೆ ದಂಡ ಹಾಕುವವರು ನೆನಪಿಡಿ, ಯುನಿಕೋಡ್‌ನಲ್ಲಿ ಅದು ಇರುವುದು ದೇವನಾಗರಿ ಬ್ಲಾಕಿನಲ್ಲಿ, ಬೇರೆಯಾಗಿ ಸೇರಿಸಬೇಕು. ಜೀರೋ ವಿಡ್ತ್ ಜಾಯ್ನರ್ ಮತ್ತು ನಾನ್-ಜಾಯ್ನರ್ ಎರಡನ್ನೂ ಬಿಡಬೇಡಿ. ಕಣ್ಣಿಗೆ ಕಾಣದ ಈ ಎರಡು ಗುರುತುಗಳ ಕತೆ ಮುಂದಿನ ಹೆಜ್ಜೆಯಲ್ಲಿದೆ.

ಲೇಔಟ್ ಫೀಚರುಗಳ ಆಯ್ಕೆಗೆ ನಕ್ಷತ್ರ ಚಿಹ್ನೆ ಕೊಟ್ಟು ಎಲ್ಲವನ್ನೂ ಉಳಿಸಿಕೊಳ್ಳಿ. ಒತ್ತು, ಅರ್ಕಾವತ್ತು, ಗುಣಿತ ಎಲ್ಲವೂ ರೂಪ ಪಡೆಯುವುದು ಈ ಫೀಚರುಗಳ ಪಟ್ಟಿಯಿಂದಲೇ. ಗಾತ್ರ ಇಳಿಸುತ್ತೇವೆಂದು ಆ ಪಟ್ಟಿಯನ್ನೇ ಕಿತ್ತುಹಾಕುವ ಆನ್‌ಲೈನ್ ಸಲಕರಣೆಗಳಿವೆ. ಕಡತ ಪುಟ್ಟದಾಗುತ್ತದೆ, ನಿಜ, ಆದರೆ ‘ಅಮ್ಮ’ ಎಂಬಷ್ಟು ಸರಳ ಪದವೂ ಸರಿಯಾಗಿ ಬರುವುದಿಲ್ಲ. ಶೀರ್ಷಿಕೆಯಲ್ಲಿರುವ ಅಕ್ಷರಗಳನ್ನಷ್ಟೇ ಉಳಿಸಿ ಇನ್ನೂ ಚಿಕ್ಕದು ಮಾಡಬಹುದು. ಅದು ಬೇಡ, ನಾಳೆ ಒಂದು ಪದ ಬದಲಿಸಿದಿರೋ ಮತ್ತೆ ಕತ್ತರಿ ಹಿಡಿಯಬೇಕು.

3. ಅಕ್ಷರ ಬಿಡಿಸುವುದು

ಎಡವುವುದೆಲ್ಲ ಇಲ್ಲೇ, ಆದ್ದರಿಂದ ನಿಧಾನವಾಗಿ ಹೋಗೋಣ.

‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಜಾವಾಸ್ಕ್ರಿಪ್ಟ್ ಅದರ ಉದ್ದ 6 ಎನ್ನುತ್ತದೆ: ಸ, ಹಲಂತ, ತ, ಹಲಂತ, ರ, ಈಕಾರದ ಗುಣಿತ. ಖಾಲಿ ಉದ್ಧರಣ ಚಿಹ್ನೆ ಕೊಟ್ಟು ‘ಸ್ಪ್ಲಿಟ್’ ಮಾಡುವ ಎಲ್ಲ ಕೋಡೂ ಈ ಆರನ್ನೂ ಬೇರೆ ಬೇರೆ ಮಾಡುತ್ತದೆ. ಮೋಸ ಇರುವುದೆಲ್ಲಿ ಎಂದರೆ, ತುಂಡುಗಳನ್ನು ಬರೀ ‘ಸ್ಪ್ಯಾನ್’ ಟ್ಯಾಗಿನ ಒಳಗಿಟ್ಟಾಗ ಹೆಚ್ಚಿನ ಬ್ರೌಸರುಗಳು ಅವನ್ನು ಕೂಡಿಸಿಯೇ ತೋರಿಸುತ್ತವೆ, ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಅಲುಗಾಡಿಸಬೇಕಾದರೆ ಸ್ಪ್ಯಾನ್‌ಗಳನ್ನು ‘ಇನ್‌ಲೈನ್-ಬ್ಲಾಕ್’ ಮಾಡಲೇಬೇಕು, ಏಕೆಂದರೆ ಸಾದಾ ಇನ್‌ಲೈನ್ ತುಂಡಿಗೆ ಜಾಗ ಸರಿಸುವ ‘ಟ್ರಾನ್ಸ್‌ಫಾರ್ಮ್’ ಹತ್ತುವುದಿಲ್ಲ. ಹಾಗೆ ಮಾಡಿದ ಕ್ಷಣವೇ ಪದ ಒಡೆಯುತ್ತದೆ.

ಇದಕ್ಕೆ ಬ್ರೌಸರಿನಲ್ಲೇ ‘ಇಂಟ್ಲ್ ಸೆಗ್ಮೆಂಟರ್’ ಎಂಬ ಸಲಕರಣೆ ಇದೆ. ಕ್ರೋಮ್ ಮತ್ತು ಸಫಾರಿಯಲ್ಲಿ ಮೊದಲೇ ಇತ್ತು, 2024ರಲ್ಲಿ ಫೈರ್‌ಫಾಕ್ಸಿಗೂ ಬಂತು. ಭಾಷೆ ಕನ್ನಡ, ತುಂಡಿನ ಬಗೆ ‘ಗ್ರಾಫೀಮ್’ (ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ) ಎಂದು ಕೊಡಿ. ಗುಣಿತ, ಅನುಸ್ವಾರ, ವಿಸರ್ಗಗಳನ್ನು ಅದು ಮೂಲಾಕ್ಷರದ ಜೊತೆಗೇ ಇಟ್ಟು ಕೊಡುತ್ತದೆ.

ಇಷ್ಟಕ್ಕೇ ನಿಲ್ಲಿಸುವವರು ಬಹಳ. ನಿಲ್ಲಿಸಿದರೆ ‘ಸ್ತ್ರೀ’ ಇನ್ನೂ ಮೂರು ತುಂಡಾಗಿಯೇ ಇರುತ್ತದೆ: ಸ್, ತ್, ರೀ. 2023ರ ಯುನಿಕೋಡ್ 15.1ರಲ್ಲಿ ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ನಿಯಮ ಬಂತು. ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ತೆಲುಗಿನಲ್ಲಿ ಸರಿಯಾಗಿ ನಡೆದ ಕೋಡ್ ಕನ್ನಡದಲ್ಲಿ ಯಾಕೆ ಕೆಡುತ್ತದೆ ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇಲ್ಲಿದೆ.

ಹಾಗಾಗಿ ಅಂಟಿಸುವ ಕೆಲಸ ನಮ್ಮದು. ಕ್ರಮ ಹೀಗೆ:

ಶೀರ್ಷಿಕೆಯ ಪಠ್ಯ ತೆಗೆದುಕೊಂಡು ಮೊದಲು ‘ನಾರ್ಮಲೈಸ್’ ಮಾಡಿ, ರೂಪ ಎನ್‌ಎಫ್‌ಸಿ. ‘ಕೊ’ ಎಂಬುದರ ಒಕಾರ ಕೆಲವೊಮ್ಮೆ ಒಂದೇ ಸಂಕೇತವಾಗಿಯೂ ಕೆಲವೊಮ್ಮೆ ಎಕಾರ, ಊಕಾರಗಳ ಜೋಡಿಯಾಗಿಯೂ ಕೂತಿರುತ್ತದೆ. ಇದರಿಂದ ಎರಡೂ ಒಂದಾಗುತ್ತವೆ.

ಖಾಲಿ ಜಾಗ ನೋಡಿ ಪದಗಳಾಗಿ ಬಿಡಿಸಿ. ಒಂದೊಂದು ಪದವನ್ನೂ ಸೆಗ್ಮೆಂಟರಿಗೆ ಕೊಡಿ. ಬಂದ ತುಂಡುಗಳನ್ನು ಎಡದಿಂದ ನೋಡುತ್ತ ಹೋಗಿ: ಹಿಂದಿನ ತುಂಡು ಹಲಂತದಲ್ಲಿ ಮುಗಿದಿದ್ದರೆ ಈಗಿನದನ್ನು ಅದಕ್ಕೇ ಅಂಟಿಸಿ, ಇಲ್ಲವಾದರೆ ಹೊಸ ತುಂಡು ಶುರುಮಾಡಿ. ಹಲಂತದ ಬೆನ್ನಿಗೇ ಜಾಯ್ನರ್ ಬಂದಿದ್ದರೂ ಅಂಟಿಸಿ. ನಾನ್-ಜಾಯ್ನರ್ ಬಂದಿದ್ದರೆ ಅಂಟಿಸಬೇಡಿ. ಸೆಗ್ಮೆಂಟರ್ ನಾನ್-ಜಾಯ್ನರನ್ನು ಹಿಂದಿನ ತುಂಡಿನ ಬಾಲಕ್ಕೇ ಸೇರಿಸುವುದರಿಂದ ಆ ತುಂಡು ಹಲಂತದಲ್ಲಿ ಮುಗಿಯುವುದಿಲ್ಲ, ನಿಯಮ ತಾನಾಗಿ ಸರಿಹೋಗುತ್ತದೆ. ಎಲ್ಲ ಸೇರಿ ಏಳೆಂಟು ಸಾಲಿನ ಕೋಡ್. ಇದಕ್ಕಾಗಿ ಪ್ಲಗಿನ್ ಹುಡುಕಬೇಡಿ, ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ನಾನ್-ಜಾಯ್ನರ್ ಏಕೆ ಮುಖ್ಯ ಎಂಬುದಕ್ಕೆ ‘ಸಾಫ್ಟ್‌ವೇರ್’ ನೋಡಿ. ಟ್ ಮತ್ತು ವೇ ನಡುವೆ ಆ ಗುರುತು ಇದ್ದರೆ ಸಾ, ಫ್ಟ್, ವೇ, ರ್ ಎಂದು ನಾಲ್ಕು ತುಂಡು. ಟೈಪಿಸುವಾಗ ಅದನ್ನು ಬಿಟ್ಟಿದ್ದರೆ ‘ಸಾಫ್ಟ್ವೇರ್’ ಆಗಿ ವಕಾರ ಕೆಳಗಿಳಿಯುತ್ತದೆ, ತುಂಡು ಮೂರೇ. ಕೋಡ್ ಸರಿಯಾಗಿಯೇ ಇದೆ, ಪಠ್ಯ ತಿದ್ದಿ.

ಬರೆದ ಫಂಕ್ಷನ್ನಿಗೆ ಈ ಪದಗಳನ್ನು ಕೊಟ್ಟು ಲೆಕ್ಕ ನೋಡಿ. ಸ್ತ್ರೀ 1. ರಾಷ್ಟ್ರ 2. ಸೂರ್ಯ 2. ಲಕ್ಷ್ಮಿ 2. ದುಃಖ 2. ಕ್ಯಾಮೆರಾ 3. ರ‍್ಯಾಂಕ್ 2, ಇದರಲ್ಲಿ ರಕಾರದ ಬಳಿಕ ಜಾಯ್ನರ್ ಇರುವುದರಿಂದಲೇ ಅರ್ಕಾವತ್ತಿನ ಬದಲು ಯಕಾರ ಕೆಳಗೆ ಒತ್ತಾಗುತ್ತದೆ. ಇವಿಷ್ಟೂ ಪಾಸಾದರೆ ಮುಂದೆ ಹೋಗಿ. ಒಂದು ಕೈಕೊಟ್ಟರೂ ಸಿಎಸ್‌ಎಸ್ ಮುಟ್ಟಬೇಡಿ.

ಪ್ರತಿ ಪದಕ್ಕೊಂದು ಹೊರ ಸ್ಪ್ಯಾನ್, ಅದರೊಳಗೆ ಪ್ರತಿ ಅಕ್ಷರಕ್ಕೊಂದು ಒಳ ಸ್ಪ್ಯಾನ್ ಇರಲಿ. ಎರಡೂ ಇನ್‌ಲೈನ್-ಬ್ಲಾಕ್. ಪದದ ಸ್ಪ್ಯಾನ್‌ಗೆ ‘ವೈಟ್-ಸ್ಪೇಸ್: ನೋರ‍್ಯಾಪ್’ ಹಾಕಿ. ಇದನ್ನು ಮರೆತರೆ ಮೊಬೈಲಿನ ಸಣ್ಣ ಪರದೆಯಲ್ಲಿ ‘ಚಿಕ್ಕ’ ಒಂದು ಸಾಲಿಗೆ, ‘ಮಗಳೂರು’ ಮುಂದಿನ ಸಾಲಿಗೆ ಬೀಳುತ್ತದೆ. ಪದಗಳ ನಡುವೆ ನಿಜವಾದ ಖಾಲಿ ಜಾಗವನ್ನೇ ಬಿಡಿ.

4. ಮುಸುಕು

ಅಕ್ಷರ ಕೆಳಗಿನಿಂದ ಮೇಲೇಳುವಾಗ ಸಾಲಿನ ಗಡಿಯ ಆಚೆಗೆ ಕಾಣಬಾರದು. ಇಂಗ್ಲಿಷ್ ಪಾಠಗಳಲ್ಲಿ ಪದಕ್ಕೆ ‘ಓವರ್‌ಫ್ಲೋ: ಹಿಡನ್’ ಹಾಕಿ, ಸಾಲೆತ್ತರ 1.1 ಇಡುತ್ತಾರೆ. ಕನ್ನಡಕ್ಕೆ ಅದನ್ನೇ ಮಾಡಿದರೆ ‘ಷ್ಟ್ರ’ದ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ‘ಕೀ’ಯ ಗುಡಿಸಿನ ತಲೆ ಚಪ್ಪಟೆಯಾಗುತ್ತದೆ. ಅಷ್ಟೇ ಅಲ್ಲ, ಓವರ್‌ಫ್ಲೋ ಮುಚ್ಚಿದ ಇನ್‌ಲೈನ್-ಬ್ಲಾಕಿನ ಬೇಸ್‌ಲೈನ್ (ಅಕ್ಷರಗಳು ಕೂರುವ ಗೆರೆ) ಡಬ್ಬಿಯ ತಳಕ್ಕೆ ಇಳಿಯುವುದರಿಂದ ಇಡೀ ಪದ ಅಕ್ಕಪಕ್ಕದ ಪಠ್ಯಕ್ಕಿಂತ ಮೇಲಕ್ಕೆ ಹಾರಿ ಕೂರುತ್ತದೆ.

ಇದರ ಬದಲು ಪದದ ಸ್ಪ್ಯಾನ್‌ಗೆ ‘ಕ್ಲಿಪ್-ಪಾತ್’ ಹಾಕಿ ‘ಇನ್‌ಸೆಟ್’ ಬೆಲೆಗಳನ್ನು ಋಣಾತ್ಮಕವಾಗಿ ಕೊಡಿ: ಮೇಲೆ ಮೈನಸ್ 0.25 ಎಂ (ಒಂದು ಎಂ ಎಂದರೆ ಫಾಂಟಿನ ಗಾತ್ರ), ಪಕ್ಕಗಳಲ್ಲಿ ಮೈನಸ್ 0.1 ಎಂ, ಕೆಳಗೆ ಮೈನಸ್ 0.45 ಎಂ. ಮುಸುಕು ಡಬ್ಬಿಗಿಂತ ಅಷ್ಟು ದೊಡ್ಡದಾಗುತ್ತದೆ, ಬೇಸ್‌ಲೈನ್ ಇದ್ದಲ್ಲೇ ಇರುತ್ತದೆ. ಸಾಲೆತ್ತರ 1.6 ಇಡಿ. ಅಕ್ಷರದ ಆರಂಭದ ಸ್ಥಾನ 100 ಶೇಕಡಾ ಕೆಳಗೆ ಸಾಲದು, 130 ಬೇಕು. ಡಬ್ಬಿಯ ಎತ್ತರ 1.6 ಎಂ, ಮುಸುಕಿನ ಹೆಚ್ಚುವರಿ 0.45, ಒಟ್ಟು 2.05, 1.6ರ 130 ಶೇಕಡಾ ಎಂದರೆ 2.08. ಸಾಲೆತ್ತರ ಬದಲಿಸಿದರೆ ಈ ಲೆಕ್ಕವನ್ನೂ ಹೊಸದಾಗಿ ಮಾಡಿ. ಮಾಡದಿದ್ದರೆ ಶುರುವಿಗೆ ಮೊದಲೇ ತಲೆಕಟ್ಟುಗಳು ಇಣುಕಬಹುದು.

‘ಲೆಟರ್-ಸ್ಪೇಸಿಂಗ್’ ಸೊನ್ನೆ. ಈ ವಿಷಯದಲ್ಲಿ ಚೌಕಾಶಿ ಇಲ್ಲ.

5. ವೇಗ

ಒಂದು ಅಕ್ಷರಕ್ಕೆ 500 ಮಿಲಿಸೆಕೆಂಡ್, ಅಕ್ಷರದಿಂದ ಅಕ್ಷರಕ್ಕೆ 50ರ ಅಂತರ. 12 ಅಕ್ಷರದ ಶೀರ್ಷಿಕೆ 1,050ರಲ್ಲಿ ಮುಗಿಯುತ್ತದೆ. ಅದಕ್ಕಿಂತ ಬಹಳ ಉದ್ದವಾಗುವುದಾದರೆ ಅಂತರ ಇಳಿಸಿ. ‘ಫಿಲ್-ಮೋಡ್: ಬೋತ್’ ಮರೆತರೆ ಸರದಿ ಬರುವ ತನಕ ಅಕ್ಷರ ಕಾಣಿಸಿಕೊಂಡಿದ್ದು, ಆಮೇಲೆ ಮಾಯವಾಗಿ ಮತ್ತೆ ಏಳುತ್ತದೆ. ಪುಟಿಯುವ ಈಸಿಂಗ್ (ವೇಗ ಏರಿಳಿಯುವ ಬಗೆ) ಬೇಡ, ಒತ್ತುಗಳು ಗಡಗಡ ನಡುಗಿದಂತೆ ಕಾಣುತ್ತವೆ.

ವೇರಿಯಬಲ್ ಫಾಂಟ್ ಇಟ್ಟುಕೊಂಡು ದಪ್ಪವನ್ನೇ 100ರಿಂದ 800ಕ್ಕೆ ಏರಿಸುವ ಆಸೆ ಬರುತ್ತದೆ. ದಪ್ಪ ಬದಲಾದಂತೆ ಅಕ್ಷರದ ಅಗಲವೂ ಬದಲಾಗಿ, ಬ್ರೌಸರ್ ಪ್ರತಿ ಫ್ರೇಮಿಗೂ ಸಾಲನ್ನು ಹೊಸದಾಗಿ ಜೋಡಿಸಬೇಕಾಗುತ್ತದೆ. ಅಗ್ಗದ ಫೋನಿನಲ್ಲಿ ತಡವರಿಸುತ್ತದೆ. ‘ಟ್ರಾನ್ಸ್‌ಫಾರ್ಮ್’ ಮತ್ತು ‘ಒಪಾಸಿಟಿ’ ಎರಡನ್ನು ಬಿಟ್ಟು ಬೇರೇನನ್ನೂ ಅಲುಗಾಡಿಸಬೇಡಿ.

6. ಫಾಂಟಿಗೆ ಕಾಯಿರಿ

ಫಾಂಟ್ ಬರುವ ಮೊದಲೇ ಚಲನೆ ಶುರುವಾದರೆ ನಡುವೆ ಅಕ್ಷರದ ರೂಪವೇ ಬದಲಾಗಿ ಜಿಗಿಯುತ್ತದೆ. ‘ಡಾಕ್ಯುಮೆಂಟ್ ಫಾಂಟ್ಸ್ ಲೋಡ್’ ಕರೆದು ಕಾಯಿರಿ. ಇದಕ್ಕೆ ಎರಡನೇ ಆರ್ಗ್ಯುಮೆಂಟಾಗಿ ಒಂದು ಕನ್ನಡ ಅಕ್ಷರ, ‘ಕ’ ಎಂದಾದರೂ ಸರಿ, ಕೊಡಲೇಬೇಕು. ಕೊಡದಿದ್ದರೆ ಅದು ಖಾಲಿ ಜಾಗಕ್ಕೆ ಬೇಕಾದ ಫಾಂಟನ್ನು ಹುಡುಕುತ್ತದೆ. ಫಾಂಟ್ ಯಾವ ಅಕ್ಷರಗಳಿಗೆ ಎಂದು ಹೇಳುವ ನಿಮ್ಮ ‘ಯುನಿಕೋಡ್-ರೇಂಜ್’ನಲ್ಲಿ ಕನ್ನಡ ಮಾತ್ರ ಇದ್ದರೆ ಏನೂ ಸಿಗದೆ ಕೆಲಸ ಮುಗಿಯಿತೆಂದು ತಕ್ಷಣ ಹಿಂದಿರುಗುತ್ತದೆ. ಜೊತೆಗೆ 1,500 ಮಿಲಿಸೆಕೆಂಡಿನ ಗಡುವು ಇಡಿ. ಅಷ್ಟರೊಳಗೆ ಫಾಂಟ್ ಬರದಿದ್ದರೆ ಚಲನೆ ಬಿಟ್ಟು ಶೀರ್ಷಿಕೆ ತೋರಿಸಿ. ಅಡಗಿಸುವ ಕ್ಲಾಸನ್ನು ಜಾವಾಸ್ಕ್ರಿಪ್ಟೇ ಹಚ್ಚಲಿ. ಸಿಎಸ್‌ಎಸ್‌ನಲ್ಲಿ ಮೊದಲೇ ಅಡಗಿಸಿಟ್ಟರೆ, ಸ್ಕ್ರಿಪ್ಟ್ ಕೆಟ್ಟ ದಿನ ಪುಟಕ್ಕೆ ಶೀರ್ಷಿಕೆಯೇ ಇರುವುದಿಲ್ಲ.

7. ಮುಗಿದ ಮೇಲೆ ಬಿಚ್ಚಿಡಿ

ಚಲನೆ ಮುಗಿದ ಕೂಡಲೇ ಸ್ಪ್ಯಾನ್‌ಗಳನ್ನೆಲ್ಲ ತೆಗೆದು ಮೂಲ ಪಠ್ಯವನ್ನೇ ಮತ್ತೆ ಇಡಿ. ‘ಗೆಟ್ ಅನಿಮೇಷನ್ಸ್’ ಕೊಡುವ ಪಟ್ಟಿಯಲ್ಲಿ ಪ್ರತಿಯೊಂದರ ‘ಫಿನಿಶ್ಡ್’ಗೆ ಕಾದರೆ ಸರಿಯಾದ ಕ್ಷಣ ಸಿಗುತ್ತದೆ. ಟೈಮರ್ ಇಟ್ಟು ಅಂದಾಜು ಮಾಡಬೇಡಿ. ಬಿಚ್ಚದೆ ಬಿಟ್ಟರೆ ಸ್ಕ್ರೀನ್‌ರೀಡರ್ ಶೀರ್ಷಿಕೆಯನ್ನು ಬಿಡಿ ಬಿಡಿಯಾಗಿ ಓದಬಹುದು. ಬಿಚ್ಚುವಾಗ ಅಕ್ಷರಗಳು ಕೂದಲೆಳೆಯಷ್ಟು ಸರಿದದ್ದು ಕಂಡರೆ ಶೀರ್ಷಿಕೆಗೆ ‘ಫಾಂಟ್-ಕರ್ನಿಂಗ್: ನನ್’ ಹಾಕಿ. ಓಡುತ್ತಿರುವ ಆ ಒಂದು ಸೆಕೆಂಡಿಗೂ ಪೂರ್ತಿ ವಾಕ್ಯ ಸ್ಕ್ರೀನ್‌ರೀಡರಿಗೆ ಓದಲು ‘ಏರಿಯಾ-ಲೇಬಲ್’ನಲ್ಲಿರಲಿ, ತುಂಡುಗಳಿಗೆ ಅದರಿಂದ ಮರೆಮಾಡುವ ‘ಏರಿಯಾ-ಹಿಡನ್’ ಇರಲಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಚಲನೆ ಕಡಿಮೆ ಮಾಡಿಕೊಂಡವರಿಗೆ ಪಠ್ಯವನ್ನು ಬಿಡಿಸಲೇಬೇಡಿ. ‘ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್’ ಪರೀಕ್ಷೆ ಫಂಕ್ಷನ್ನಿನ ಮೊದಲ ಸಾಲಾಗಲಿ.

8. ನಿಧಾನಗೊಳಿಸಿ ನೋಡಿ

ಕ್ರೋಮ್‌ನ ಡೆವ್‌ಟೂಲ್ಸಿನಲ್ಲಿ ಅನಿಮೇಷನ್ಸ್ ಫಲಕ ತೆರೆದು ವೇಗ 10 ಶೇಕಡಾಕ್ಕೆ ಇಳಿಸಿ. ಒತ್ತು ಕತ್ತರಿಸಿದ್ದು, ತಲೆಕಟ್ಟು ಇಣುಕಿದ್ದು ಆಗ ಸ್ಪಷ್ಟ. ಕಂಪ್ಯೂಟೆಡ್ ಫಲಕದ ತಳದಲ್ಲಿ ನಿಜವಾಗಿ ಬಳಕೆಯಾದ ಫಾಂಟುಗಳ ಪಟ್ಟಿ ಇರುತ್ತದೆ. ಶೀರ್ಷಿಕೆಯ ಎದುರು ಎರಡು ಫಾಂಟ್ ಕಂಡರೆ ಎರಡನೇ ಹೆಜ್ಜೆಯಲ್ಲಿ ಯಾವುದೋ ಗುರುತು ಬಿಟ್ಟುಹೋಗಿದೆ ಎಂದೇ ಲೆಕ್ಕ. ಆಮೇಲೆ ಪರದೆಯ ಅಗಲವನ್ನು 320 ಪಿಕ್ಸೆಲ್‌ಗೆ ಇಳಿಸಿ ಸಾಲು ಎಲ್ಲಿ ಮುರಿಯುತ್ತದೆ ನೋಡಿ, ಕೊನೆಗೆ ಮನೆಯಲ್ಲಿರುವ ಅತಿ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ತೆರೆಯಿರಿ.

ಸ್ಕ್ರೋಲ್ ಮಾಡಿದಂತೆ ಅಕ್ಷರ ಏಳಿಸುವ ‘ಅನಿಮೇಷನ್-ಟೈಮ್‌ಲೈನ್’ ಇದೇ ತುಂಡುಗಳ ಮೇಲೆ ಕೂರುತ್ತದೆ. ಅದನ್ನು ಬೇರೆ ಪುಟದಲ್ಲಿ, ಬ್ರೌಸರಿಗೆ ಆ ಸೌಲಭ್ಯ ಇದ್ದರೆ ಮಾತ್ರ ನಡೆಯುವ ‘ಸಪೋರ್ಟ್ಸ್’ ಷರತ್ತಿನ ಒಳಗಿಟ್ಟು ಪ್ರಯತ್ನಿಸಿ. ಅಲ್ಲಿ ಏಳನೇ ಹೆಜ್ಜೆ ಹೊಂದುವುದಿಲ್ಲ: ಓದುಗರು ಮೇಲಕ್ಕೆ ಸ್ಕ್ರೋಲ್ ಮಾಡಿದರೆ ಚಲನೆ ಹಿಂದಕ್ಕೆ ಓಡಬೇಕು, ಆದ್ದರಿಂದ ತುಂಡುಗಳನ್ನು ಬಿಚ್ಚುವಂತಿಲ್ಲ, ಏರಿಯಾ ಗುರುತುಗಳು ಕೊನೆತನಕ ಇರಬೇಕು.