ಮೆಣಸಿನ ಬಳ್ಳಿಗೆ ಯಾವ ರೋಗ? ಔಷಧಿ ತರುವ ಮೊದಲು ಬೇರು ನೋಡಿ

ಕಾಳುಮೆಣಸಿನ ಬಳ್ಳಿ ಸ್ವಲ್ಪ ಹಳದಿಯಾದರೆ ಸಾಕು, ಮಲೆನಾಡು, ಕೊಡಗಿನ ಬಹಳಷ್ಟು ತೋಟಗಳಲ್ಲಿ ಮಾಡುವ ಮೊದಲ ಕೆಲಸ ಔಷಧಿ ಅಂಗಡಿಗೆ ಓಡುವುದು. ಒಂದು ಎಲೆಯ ಫೋಟೊ ತೋರಿಸಿ, ಕೊಟ್ಟಿದ್ದನ್ನು ತಂದು ಹೊಡೆಯುತ್ತಾರೆ. ಎಷ್ಟೋ ಬಳ್ಳಿ ಹೀಗೇ ಹೋಗುತ್ತವೆ. ಎಲೆ ಹಳದಿಯಾಗಲು ಕಾರಣ ಹತ್ತಾರು. ಒಂದಕ್ಕೆ ಹೊಡೆದ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ತಿಂಗಳು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆ ಹಿಡಿದಿರುವಾಗ ಬಳ್ಳಿ ದಿಢೀರನೆ ಬಾಡಿದರೆ ಶೀಘ್ರ ಸೊರಗು ರೋಗದ ಅನುಮಾನ ಪಡಿ. ಮಳೆ ನಿಂತು ಅಕ್ಟೋಬರ್ ನಂತರ ನಿಧಾನವಾಗಿ ಹಳದಿಯಾಗಿ, ಮುಂದಿನ ಮಳೆಗೆ ಮತ್ತೆ ಚಿಗುರಿದರೆ ಅದು ನಿಧಾನ ಸೊರಗು. ಶೀಘ್ರ ಸೊರಗಿನಿಂದ ಮಳೆಗಾಲದಲ್ಲಿ ಎಳೆ ಬೇರುಗಳು ಮಾತ್ರ ಕೊಳೆತಿದ್ದರೂ ಅದರ ಲಕ್ಷಣ ಅಕ್ಟೋಬರ್ ಹೊತ್ತಿಗೇ ಕಾಣುವುದುಂಟು. ಅದಕ್ಕೇ ತಿಂಗಳು ನೋಡಿದರಷ್ಟೇ ಸಾಲದು.

ನಂತರ ಕೆಳಗಿನ ಎಲೆ ನೋಡಿ. ನೆಲದ ಮೇಲೆ ಹರಿದ ಬಳ್ಳಿಯ ಎಳೆ ಎಲೆಗಳಲ್ಲಿ ಕಪ್ಪು ಮಚ್ಚೆ, ಅದರ ಅಂಚು ಎಳೆ ಎಳೆಯಾಗಿ ಹರಡಿದಂತಿದ್ದರೆ ಶೀಘ್ರ ಸೊರಗಿನ ಶಿಲೀಂಧ್ರ ಬಂದಿದೆ ಎಂದರ್ಥ. ಮಳೆ ಹನಿ ಸಿಡಿದು ಮಣ್ಣಿನಿಂದ ಮೇಲೇರುವುದೇ ಅದರ ದಾರಿ. ಮಳೆಗಾಲಕ್ಕೆ ಮುಂಚೆ ಈ ಹರಿದ ಬಳ್ಳಿಗಳನ್ನು ಕತ್ತರಿಸಿ, ಇಲ್ಲವೇ ಎತ್ತಿ ಕಟ್ಟಿ. ಕಂದು ಮಚ್ಚೆಯ ಸುತ್ತ ಹಳದಿ ಬಳೆ ಇದ್ದರೆ ಅದು ಚಿಬ್ಬು ರೋಗ, ಬೇರೊಂದು ಶಿಲೀಂಧ್ರದ್ದು.

ಈಗ ಬೇರು. ಜನ ಬಿಟ್ಟುಬಿಡುವ ಹಂತ ಇದೇ, ಮಾಡಿದರೂ ಕೆಡಿಸುವ ಹಂತವೂ ಇದೇ. ಗುದ್ದಲಿ ಹಾಕಲೇಬೇಡಿ. ಗಾಯವಾದ ಬೇರಿನಿಂದ ಶಿಲೀಂಧ್ರ ಒಳಗೆ ನುಗ್ಗುತ್ತದೆ. ಬುಡದಿಂದ ಒಂದಡಿ ದೂರದಲ್ಲಿ ಬೆರಳಿನಿಂದ ಮೇಲ್ಮಣ್ಣು ಸರಿಸಿ, ಒಂದು ಹಿಡಿ ಎಳೆ ಬೇರು ಬಿಡಿಸಿ, ಬಕೆಟ್ ನೀರಲ್ಲಿ ಅದ್ದಿ ತೊಳೆಯಿರಿ. ಉಜ್ಜಬೇಡಿ. ಬೆಳಕಿಗೆ ಹಿಡಿದು ನೋಡಿ. ತುದಿ ಬೆಳ್ಳಗೆ ಗಟ್ಟಿಯಾಗಿದ್ದರೆ ಬೇರು ಚೆನ್ನಾಗಿದೆ. ಕಪ್ಪಾಗಿ, ಎಳೆದರೆ ಸಿಪ್ಪೆ ಕಿತ್ತು ಬಂದರೆ ಕೊಳೆತ. ಸಣ್ಣ ಸಣ್ಣ ಗಂಟುಗಳಿದ್ದು, ಉಗುರಿಂದ ಕೆರೆದರೂ ಬಿಡದಿದ್ದರೆ ಬೇರುಗಂಟು ಜಂತುಹುಳು. ಹಾಗಿದ್ದ ಬಳ್ಳಿಯ ಎಲೆಗಳಲ್ಲಿ ನರ ಹಸಿರಾಗೇ ಉಳಿದು ನಡುವಿನ ಭಾಗ ಹಳದಿಯಾಗಿರುತ್ತದೆ. ಬಿಳಿ ಪುಡಿ ಮೆತ್ತಿಕೊಂಡಿದ್ದು ಇರುವೆ ಓಡಾಡುತ್ತಿದ್ದರೆ ಬೇರಿನ ಹಿಟ್ಟುತಿಗಣೆ. ಕೊನೆಗೆ ಬುಡದ ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಉಗುರಿನಿಂದ ತೆಳ್ಳಗೆ ಕೆರೆಯಿರಿ. ಒಳಗೆ ಹಸಿರಿಲ್ಲದೆ ಕಪ್ಪು, ಒದ್ದೆಯಾಗಿದ್ದರೆ ಆ ಬಳ್ಳಿ ಉಳಿಯುವುದಿಲ್ಲ. ಬೇರು ಸಮೇತ ಕಿತ್ತು ಸುಟ್ಟು, ಪಕ್ಕದ ಬಳ್ಳಿ ಉಳಿಸಿಕೊಳ್ಳಿ.

ಒಂದೇ ಬಳ್ಳಿ ನೋಡಿ ಸುಮ್ಮನಾಗಬೇಡಿ. ಬಾಡಿದ್ದು, ಈಗಷ್ಟೇ ಹಳದಿಯಾದದ್ದು, ಹಸಿರಾಗಿರುವುದು, ಮೂರನ್ನೂ ತೊಳೆದು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನಾಗೇ ಕಾಣುತ್ತದೆ.

ಕಾಳು ನೋಡುವುದು ಸುಲಭ. ಕಪ್ಪಾದ ಕಾಳನ್ನು ಬೆರಳಲ್ಲಿ ಒತ್ತಿ. ಟೊಳ್ಳಾಗಿ ಪುಡಿಯಾದರೆ, ರಂಧ್ರವೂ ಇದ್ದರೆ ಪೊಳ್ಳು ದುಂಬಿಯ ಮರಿಹುಳು ತಿಂದಿದೆ. ನೆರಳು ಜಾಸ್ತಿ ಇರುವ ಕಡೆ ಇದರ ಕಾಟ ಹೆಚ್ಚು, ಮೊದಲು ಮರದ ಕೊಂಬೆ ಸವರಿ. ಕಾಳು ಬಿರುಕು ಬಿಟ್ಟಿದ್ದರೆ ಚಿಬ್ಬು ರೋಗ.

ಎಲೆಯ ಅಂಚು ಮಾತ್ರ ಮಡಚಿ ದಪ್ಪಗಾಗಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಎಲೆ ಚಿಕ್ಕದಾಗಿ, ಮುದುಡಿ, ಹಳದಿ-ಹಸಿರು ಮಿಶ್ರವಾಗಿ, ಗೆಣ್ಣುಗಳು ಹತ್ತಿರ ಹತ್ತಿರವಾಗಿದ್ದರೆ ವೈರಸ್. ಇದಕ್ಕೆ ಔಷಧಿಯೇ ಇಲ್ಲ. ಇದೆ ಎಂದು ಬಾಟಲಿ ಮಾರುವವರನ್ನು ನಂಬಬೇಡಿ. ಕಿತ್ತು ಹಾಕಿ. ಅಂಥ ಬಳ್ಳಿಯಿಂದ ಕಡ್ಡಿ ತೆಗೆದು ನೆಟ್ಟರೆ ರೋಗವನ್ನೂ ನೆಟ್ಟಂತೆಯೇ ಅಲ್ವಾ?

ಶಿಲೀಂಧ್ರ ಎಂದು ಖಾತ್ರಿಯಾದರೆ ಶೇ 1ರ ಬೋರ್ಡೋ ದ್ರಾವಣ. ಮನೆಯಲ್ಲೇ ಮಾಡಿಕೊಳ್ಳಿ, ಲೇಬಲ್ ಇಲ್ಲದ ರೆಡಿ ಪುಡಿ ಬೇಡ. 50 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), ಇನ್ನೊಂದು 50 ಲೀಟರ್‌ಗೆ 1 ಕೆ.ಜಿ. ಸುಣ್ಣ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಹಾಕಿ. ಅಂದೇ ಬಳಸಿ ಮುಗಿಸಿ. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಹಾಕಿದ ಬುಡಕ್ಕೆ ಅದೇ ವಾರ ಬೋರ್ಡೋ ಸುರಿಯುವವರಿದ್ದಾರೆ. ಹಾಗೆ ಮಾಡಿದರೆ ತಾಮ್ರ ಅದನ್ನು ಕೊಲ್ಲುತ್ತದೆ, ಕೊಟ್ಟ ದುಡ್ಡು ವ್ಯರ್ಥ.

ಬೇರಲ್ಲಿ ಗಂಟಿದ್ದರೆ ಬೋರ್ಡೋದಿಂದ ಉಪಯೋಗವಿಲ್ಲ. ಬೇವಿನ ಹಿಂಡಿ ಕೊಡಿ. ಹುಳುವಿಗೆ ಹಾಕುತ್ತಿದ್ದ ಫೋರೇಟ್ ಹರಳು 2020ರ ಕೊನೆಯಿಂದ ದೇಶದಲ್ಲಿ ನಿಷೇಧವಾಗಿದೆ, ಹಳೇ ಡಬ್ಬ ಉಳಿದಿದ್ದರೂ ಮುಟ್ಟಬೇಡಿ.

ಹೊಸದಾಗಿ ನೆಡುವುದಾದರೆ ಶೀಘ್ರ ಸೊರಗು ತಡೆದುಕೊಳ್ಳುವ, ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ (ಐಐಎಸ್‌ಆರ್) ತಳಿಗಳಾದ ಐಐಎಸ್‌ಆರ್ ಶಕ್ತಿ, ತೇವಂ ಇವೆ. ಬೇರುಗಂಟು ಹುಳುವಿಗೆ ಪೌರ್ಣಮಿ. ನರ್ಸರಿಯಲ್ಲಿ ಒಂದು ಚೀಲ ಬಿಚ್ಚಿಸಿ ಬೇರು ನೋಡಿ. ಗಂಟು ಕಂಡರೆ ಆ ರಾಶಿಯಿಂದ ಒಂದು ಗಿಡವನ್ನೂ ತರಬೇಡಿ.