ಗೋಡೆ ಮೇಲೆ ಬಂದಿದ್ದು ನಮ್ಮೂರ ಕುರಿ

ನಾನು ಬಿಡಿಸಿದ ಮೊದಲ ಕುರಿಯನ್ನು ನೋಡಿ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಕೇಳಿದ್ದು ಒಂದೇ ಮಾತು: "ಇದು ಮೇಕೆಯಾ?"

ತಪ್ಪು ನನ್ನದೇ. ಕುರಿ ಅಂದ ತಕ್ಷಣ ನನ್ನ ಕೈಗೆ ಬರುವುದು ಹುಬ್ಬಳ್ಳಿ ಕಡೆ ಕುರುಬರು ರಸ್ತೆ ತುಂಬ ಹೊಡೆದುಕೊಂಡು ಹೋಗುವ ಕರಿ ಕುರಿ. ಸಣಕಲು ಕಾಲು, ಜೋಲು ಕಿವಿ. ಇಲ್ಲಿ ಅಮೆರಿಕದಲ್ಲಿ, ಯುರೋಪಿನಿಂದ ವಲಸೆ ಬಂದ ಬಾಸ್ಕ್ ಜನ ಕಾಯ್ದಿದ್ದು ಮೈತುಂಬ ಬಿಳಿ ಉಣ್ಣೆಯ, ದಿಂಬಿನ ಹಾಗಿರುವ ಕುರಿ. ಫೋಟೊ ಮುಂದಿಟ್ಟುಕೊಳ್ಳದೆ ನೆನಪಿನಿಂದ ಬಿಡಿಸಿದರೆ ಹೀಗೇ ಆಗುವುದು.

ನಾನಿರುವುದು ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿ. ಚಿತ್ರ ನನ್ನ ಹೊಟ್ಟೆಪಾಡಲ್ಲ. ಆದರೆ ನಮ್ಮ ಕಾಕಾ ಹುಬ್ಬಳ್ಳಿಯಲ್ಲಿ ಬೋರ್ಡ್ ಬರೆಯುತ್ತಿದ್ದರು. ರಜೆಯಲ್ಲಿ ಅಕ್ಷರದ ಒಳಗೆ ಬಣ್ಣ ತುಂಬುವುದು ನನ್ನ ಕೆಲಸ. ಆ ಕಥೆ ಯಾರ ಬಾಯಲ್ಲೋ ಹರಡಿ, ಬಾಸ್ಕ್ ವಲಸಿಗರ ನೆನಪಿಗೆ ಊರವರೇ ಸೇರಿ ಗೋಡೆ ಚಿತ್ರ ಮಾಡುವಾಗ ನನ್ನನ್ನೂ ಎಳೆದುಕೊಂಡರು.

ಬಾಸ್ಕರು ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಜನ. ಬಾಯ್ಸಿಗೆ ಬಂದವರಲ್ಲಿ ಹೆಚ್ಚಿನವರು ಸ್ಪೇನ್ ಕಡೆಯ ಬಿಸ್ಕಾಯ ಪ್ರಾಂತ್ಯದವರು. ಊರಲ್ಲಿ ಹೊಲ ನೋಡಿಕೊಂಡೋ ಮೀನು ಹಿಡಿದೋ ಇದ್ದವರು. ಸಾವಿರಾರು ಕುರಿಗಳ ಹಿಂದೆ ತಿಂಗಳುಗಟ್ಟಲೆ ಗುಡ್ಡ ಅಲೆದ ಅನುಭವ ಅವರಲ್ಲಿ ಬಹಳ ಜನಕ್ಕೆ ಇರಲಿಲ್ಲ. ಇಂಗ್ಲಿಷ್ ಬಾರದಿದ್ದರೂ ಸಿಗುತ್ತಿದ್ದ ಕೆಲಸ ಅದು, ಅಷ್ಟೇ. ಕುರಿ ಜೊತೆ ಯಾರು ಇಂಗ್ಲಿಷ್ ಮಾತಾಡಬೇಕು?

ನಮ್ಮ ಮೊದಲ ನಕ್ಷೆಯಲ್ಲಿ ಒಬ್ಬ ಕುರಿಗಾಹಿ, ಒಂದು ನಾಯಿ, ಹಿಂದೆ ಬೆಟ್ಟ. ಅದನ್ನು ಹಿಡಿದುಕೊಂಡು ಹಿರಿಯರ ಮುಂದೆ ಕೂತೆವು. ಕಾಫಿ ಎರಡನೇ ಸುತ್ತು ಬರುವಷ್ಟರಲ್ಲಿ ಅವರ ಮಾತು ಕುರಿ ಬಿಟ್ಟು ಅಡುಗೆಮನೆಗೆ ಹೋಗಿತ್ತು. ಚಳಿಗಾಲದಲ್ಲಿ ಗುಡ್ಡದಿಂದ ಇಳಿದ ಗಂಡಸರು ಉಳಿಯುತ್ತಿದ್ದದ್ದು ಊರೊಳಗಿನ ಬಾಸ್ಕ್ ಬೋರ್ಡಿಂಗ್ ಮನೆಗಳಲ್ಲಿ. ಗ್ರೋವ್ ಸ್ಟ್ರೀಟಿನಲ್ಲಿ ಅಂಥದ್ದೊಂದು ಈಗಲೂ ಇದೆ. 1864ರಲ್ಲಿ ಕಟ್ಟಿದ ಇಟ್ಟಿಗೆ ಮನೆ. 1910ರಿಂದ 1969ರವರೆಗೆ ಬೋರ್ಡಿಂಗ್ ಆಗಿತ್ತು, ಈಗ ಬಾಸ್ಕ್ ಮ್ಯೂಸಿಯಂಗೆ ಸೇರಿದೆ. ಇಂಥ ಮನೆಗಳಲ್ಲಿ ಅಡುಗೆ, ಬಟ್ಟೆ ಒಗೆಯುವುದು, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದು, ಎಲ್ಲ ಹೆಂಗಸರದ್ದೇ. ಬಾಸ್ಕ್ ಊರುಗಳಿಂದ ಕೆಲಸಕ್ಕೆ ಬಂದ ಹುಡುಗಿಯರು ಅಲ್ಲೇ ಊಟಕ್ಕೆ ಕೂರುತ್ತಿದ್ದವರನ್ನು ಮದುವೆಯಾದರು. ನಮ್ಮ ನಕ್ಷೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ!

ಹಾಗಾಗಿ ನಕ್ಷೆ ತಿರುಗಿತು. ನಡುವೆ ಉದ್ದನೆಯ ಊಟದ ಮೇಜು. ಬಡಿಸುವ ಹೆಂಗಸು ಬೆನ್ನು ಮಾಡಿ ನಿಂತಿದ್ದಾಳೆ. ಬೆನ್ನು ಯಾಕೆ ಅಂದರೆ, ಮುಖ ಬಿಡಿಸಿದರೆ ಅದು ನಮ್ಮಮ್ಮ, ಅಲ್ಲ ನಮ್ಮತ್ತೆ ಅಂತ ಜಗಳ ಗ್ಯಾರಂಟಿ. ಕುರಿಗಾಹಿಗೆ ಬಲಗಡೆಯ ಮೂಲೆ. ಎಡಕ್ಕೆ ಆಸ್ಪೆನ್ ಮರಗಳು.

ಆಸ್ಪೆನ್ ಮರದ ತೊಗಟೆ ಬಿಳಿ. ಕುರಿಗಾಹಿಗಳು ಚಾಕುವಿನ ತುದಿಯಿಂದ ಅದರ ಮೇಲೆ ತೆಳ್ಳಗೆ ಗೀರುತ್ತಿದ್ದರು. ಹೆಸರು, ಊರು, ವರ್ಷ. ಗೀರಿದಾಗ ಏನೂ ಕಾಣುವುದಿಲ್ಲ. ಮರ ಬೆಳೆದ ಹಾಗೆ ಗಾಯ ಕಪ್ಪಾಗಿ ಉಬ್ಬಿ ಅಕ್ಷರ ಮೇಲೆ ಬರುತ್ತದೆ. (ಬೆತ್ತಲೆ ಹೆಂಗಸರ ಚಿತ್ರಗಳೂ ಇವೆ. ಬೇಡ ಅಂತ ಹಿರಿಯರೇ ನಗುತ್ತಾ ಅಂದರು.) ಗೋಡೆಯ ಮರಗಳ ಮೇಲೆ ಒಂದೊಂದು ಮನೆಯವರೂ ಮೊದಲು ಬಂದವರ ಹೆಸರು, ವರ್ಷ ಬರೆಯಲಿ ಅಂತ ಬಿಟ್ಟೆವು. ವರ್ಷಗಳು ಒಂದು ವಿಚಿತ್ರ ತೋರಿಸಿದವು. 1910, 1914, 1920, ಆಮೇಲೆ ಹೆಚ್ಚೂಕಡಿಮೆ ಖಾಲಿ, ಮತ್ತೆ 1950ರ ನಂತರ. ಅಮೆರಿಕದ 1924ರ ವಲಸೆ ಕಾನೂನು ಇಡೀ ಸ್ಪೇನಿಗೆ ವರ್ಷಕ್ಕೆ 131 ಜನ ಅಂತ ಮಿತಿ ಹಾಕಿತ್ತು. ಕುರಿ ಕಾಯಲು ಆಳು ಸಿಗದೆ ಒದ್ದಾಡಿದ ಮೇಲೆ 1950ರ ಸುಮಾರಿಗೆ ಮತ್ತೆ ಬಾಗಿಲು ತೆರೆದರು. ವೀಸಾ ಸಾಲಿನಲ್ಲಿ ನಿಂತವನಿಗೆ ಆ ಖಾಲಿ ಜಾಗ ಬೇಗ ಅರ್ಥವಾಗುತ್ತದೆ.

ಇನ್ನು ಗೋಡೆ. ಸಿಮೆಂಟ್ ಬ್ಲಾಕಿನದು, ಸುಮಾರು ನಲವತ್ತು ಅಡಿ ಉದ್ದ, ಪೂರ್ವಕ್ಕೆ ಮುಖ. ಜುಲೈನಲ್ಲಿ ಬೆಳಗಿನ ಬಿಸಿಲಿಗೇ ಕಾದು ಕಾವಲಿ. ಬಣ್ಣ ಬ್ರಶ್ಶಿನಲ್ಲೇ ಒಣಗುತ್ತದೆ, ಗೆರೆ ಗೆರೆ ಬೀಳುತ್ತದೆ. ಮಧ್ಯಾಹ್ನ ನೆರಳು ಬಂದ ಮೇಲೆಯೇ ಕೆಲಸ. ಆಗಸ್ಟಿನಲ್ಲಿ ಕಾಡ್ಗಿಚ್ಚಿನ ಹೊಗೆ ಬಂದು ಒಂದು ವಾರ ಅದೂ ನಿಂತಿತು.

ಅದಕ್ಕಿಂತ ದೊಡ್ಡ ತಲೆನೋವು ಉಪ್ಪು. ಗೋಡೆಯ ಬುಡದಲ್ಲಿ ಬಿಳಿ ಪುಡಿ ಉಬ್ಬಿ ಬರುತ್ತಿತ್ತು. ಉಜ್ಜಿ ತೆಗೆದು ಪ್ರೈಮರ್ ಹೊಡೆದೆವು. ಹತ್ತು ದಿನಕ್ಕೆ ಪ್ರೈಮರ್ ಹಪ್ಪಳದ ಹಾಗೆ ಎದ್ದಿತು. ಕಾರಣ ಹುಡುಕಿದರೆ ಪಕ್ಕದ ಹುಲ್ಲಿನ ಸ್ಪ್ರಿಂಕ್ಲರ್! ರಾತ್ರಿ ಹೊತ್ತು ಗೋಡೆಗೇ ನೀರು ಹೊಡೆಯುತ್ತಿತ್ತು. ಒಳಗೆ ಹೋದ ನೀರು ಸಿಮೆಂಟಿನ ಉಪ್ಪನ್ನು ಕರಗಿಸಿ ಹೊರಗೆ ತರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಸ್ಪ್ರಿಂಕ್ಲರ್ ತಲೆ ತಿರುಗಿಸಿ, ಮೂರು ವಾರ ಒಣಗಲು ಬಿಟ್ಟು, ಒಣ ಬ್ರಶ್ಶಿನಲ್ಲಿ ಉಜ್ಜಿ, ಗೋಡೆಯ ತೇವ ಹೊರಗೆ ಹೋಗಲು ಬಿಡುವ ಪ್ರೈಮರನ್ನೇ ಹುಡುಕಿ ಹೊಡೆದೆವು. ಗೋಡೆ ಚಿತ್ರ ಮಾಡುವವರು ಬಣ್ಣದ ಅಂಗಡಿಗೆ ಹೋಗುವ ಮೊದಲು ಒಂದು ರಾತ್ರಿ ಗೋಡೆ ಹತ್ತಿರ ಹೋಗಿ ನಿಂತು ಬನ್ನಿ.

ಏಣಿ ಹತ್ತಲಾಗದ ಹಿರಿಯರಿಗೆ, ಮಕ್ಕಳಿಗೆ ತೆಳ್ಳನೆಯ ಬಟ್ಟೆಯ ತುಂಡು ಕೊಟ್ಟೆವು. ಮೊದಲೇ ಗೆರೆ ಎಳೆದು, ಒಂದೊಂದು ಜಾಗಕ್ಕೂ ಬಣ್ಣದ ನಂಬರ್ ಬರೆದಿದ್ದೆ. ಹಾಲ್‌ನಲ್ಲಿ ಕೂತು ತುಂಬಿದರು. ಆಮೇಲೆ ಅದನ್ನು ಅಕ್ರಿಲಿಕ್ ಜೆಲ್ ಹಚ್ಚಿ ಗೋಡೆಗೆ ಅಂಟಿಸುವುದು. ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಬೇಕು, ಇಲ್ಲದಿದ್ದರೆ ಗಾಳಿ ಗುಳ್ಳೆ. ಒಂದು ತುಂಡಿನಲ್ಲಿ ನಾನು ನಂಬರ್ ಅದಲುಬದಲು ಮಾಡಿದ್ದೆ. ಬಾಸ್ಕ್ ಧ್ವಜದಲ್ಲಿ ಕೆಂಪಿನ ಮೇಲೆ ಹಸಿರು ಓರೆ ಪಟ್ಟಿಗಳು, ಅದರ ಮೇಲೆ ಬಿಳಿ ಶಿಲುಬೆ. ನಮ್ಮ ಮಕ್ಕಳು ಬಿಳಿಯ ಮೇಲೆ ಹಸಿರು ಹಾಯಿಸಿದರು. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಸ್ಪೇನಿನಲ್ಲಿ ನಿಷೇಧವಾಗಿದ್ದ ಧ್ವಜ ಅದು. ತಪ್ಪಾಗಿ ಬಿಡಿಸಿದರೆ ಯಾರೂ ಸುಮ್ನೆ ಇರಲ್ಲ. ಅವತ್ತು ರಾತ್ರಿ ಒಬ್ಬನೇ ಕೂತು ತಿದ್ದಿದೆ.

ಅಕ್ಷರದ ಕೆಲಸ ಮಾತ್ರ ಕಾಕಾ ಕಲಿಸಿದ ಹಾಗೆಯೇ. ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಗೋಡೆಗೆ ಹಿಡಿದು ಇದ್ದಿಲು ಪುಡಿಯ ಗಂಟು ತಟ್ಟುವುದು. ಬರೆಯಬೇಕಿದ್ದದ್ದು 'ಸ್ವಾಗತ'. ಪುಸ್ತಕದ ಬಾಸ್ಕ್ ಭಾಷೆಯಲ್ಲಿ ಅದು 'ಒಂಗಿ ಎತೊರ್ರಿ'. ಬಿಸ್ಕಾಯದವರ ಮಾತಿನಲ್ಲಿ 'ಒಂದೊ ಎತೊರ್ರಿ'. ಯುವಕರು ಕ್ಲಾಸಿನಲ್ಲಿ ಕಲಿತದ್ದು ಮೊದಲನೆಯದು. 1968ರಲ್ಲಿ ರೂಪಿಸಲು ಶುರು ಮಾಡಿದ ಪ್ರಮಾಣ ಭಾಷೆಯದ್ದು. ಮೇಕೆ ಅಂದಿದ್ದ ಅದೇ ಅಜ್ಜಿ ಹೇಳಿದರು, "ನಮ್ಮಮ್ಮ ಬಾಗಿಲಲ್ಲಿ ನಿಂತು ಒಂದೊ ಅಂತಲೇ ಕರೆಯುತ್ತಿದ್ದಳು." ಎರಡು ಸಭೆ ಬೇಕಾಯಿತು. ನಾನು ಬಾಯಿ ಬಿಡಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ 'ಬನ್ನಿ' ಮತ್ತು 'ಬರ್ರಿ' ಜಗಳ ನಡೆದೇ ಇತ್ತು. ಕೊನೆಗೆ ಅಜ್ಜಿ ಗೆದ್ದರು. ನನಗೆ ಒಳಗೊಳಗೇ ಖುಷಿ.

ಇದೇ ಮಾತಿನ ನಡುವೆ ಗೊತ್ತಾಗಿದ್ದು ಇನ್ನೊಂದು. ಮರದ ಮೇಲೆ ಬರೆದ ಹೆಸರುಗಳಲ್ಲಿ ಎಚೆಬೆರ್ರಿಯಾ ಅಂತ ಒಂದು ಅಡ್ಡಹೆಸರಿತ್ತು. ಎಚೆ ಅಂದರೆ ಮನೆ, ಬೆರ್ರಿ ಅಂದರೆ ಹೊಸದು. ನಮ್ಮ ಕಡೆ ಹೊಸಮನಿ! ಬಾಸ್ಕ್ ಅಡ್ಡಹೆಸರುಗಳು ಬಹಳಷ್ಟು ಹೀಗೆ ಮನೆಯಿಂದಲೇ ಬಂದವು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹೊಸಮನಿಗೆ ಅವತ್ತೇ ಫೋಟೊ ಕಳಿಸಿದೆ. ಅಲ್ಲಿ ಬೆಳಗಿನ ಜಾವ ಮೂರು ಗಂಟೆ. ಬೈದ.

ಚಿತ್ರ ಮುಗಿದಿದ್ದು ಸೆಪ್ಟೆಂಬರ್ ಕೊನೆಗೆ. ಒಂದೊಂದು ಬಣ್ಣವನ್ನೂ ಕಾಲು ಲೀಟರ್ ಡಬ್ಬಿಯಲ್ಲಿ ತುಂಬಿ, ನಂಬರ್ ಬರೆದು ಹಾಲ್‌ನ ಬೀರುವಿನಲ್ಲಿ ಇಟ್ಟಿದ್ದೇನೆ. ಈ ವಸಂತದಲ್ಲಿ ಹುಲ್ಲು ಕತ್ತರಿಸಲು ಬಂದವರು ಯಾರೋ ಸ್ಪ್ರಿಂಕ್ಲರ್ ತಲೆಯನ್ನು ಮತ್ತೆ ಗೋಡೆ ಕಡೆ ತಿರುಗಿಸಿದ್ದರು. ಮೇಜಿನ ಕಾಲಿನ ಹತ್ತಿರ ಒಂದು ಅಂಗೈ ಅಗಲ ಉಪ್ಪು ಬಂದಿದೆ. ಶನಿವಾರ ಒಣ ಬ್ರಶ್ ಮತ್ತು ಏಳನೇ ನಂಬರ್ ಡಬ್ಬಿ ತೆಗೆದುಕೊಂಡು ಹೋಗಬೇಕು.